ಮೂರು ಕೂಗಿನ ರಿಪೇರಿ

ಪುಟ್ಟಿ, ಗುಂಡಣ್ಣ,

ಹೋದ ಭಾನುವಾರ ನೀವು ಬಂದಿದ್ದಾಗ ಕೇಳಿದ ಎರಡು ಮಾತಿಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಎದುರಿಗೆ ಕೂತು ಉದ್ದಕ್ಕೆ ಮಾತಾಡಲು ನನಗೆ ಬರುವುದಿಲ್ಲ. ನಿಮ್ಮ ಮುಂದೆಯೂ ಅಷ್ಟೆ. ಅದಕ್ಕೆ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲನೆಯದು ಪುಟ್ಟಿ ಕೇಳಿದ್ದು. ಊಟದ ನಡುವೆ ನೀನು, "ಅಜ್ಜಿ, ರಿಪೇರಿ ಅನ್ನೋದು ಕನ್ನಡ ಅಲ್ಲ, ಇಂಗ್ಲಿಷು. ಗೊತ್ತಿತ್ತಾ ನಿಂಗೆ?" ಎಂದೆ. ನಾನು ಸಾರು ಬಡಿಸುತ್ತಾ ಹೂಂ ಅಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಆ ಮಾತು ಬರೆದ ಬೋರ್ಡಿನ ಕೆಳಗೆ ಕೂತವಳು, ಅದು ನಮ್ಮದೇ ಮಾತು ಎಂದುಕೊಂಡಿದ್ದೆ.

ಎರಡನೆಯದು ಗುಂಡಣ್ಣ ಕೇಳಿದ್ದು. ಟೆರೇಸಿನಲ್ಲಿ ದೊಡ್ಡಪತ್ರೆ ಕೀಳುತ್ತಾ ನೀನು ಸಾಲಿನ ಕೊನೆಯ ಕುಂಡವನ್ನು ಎತ್ತಿ ನೋಡಿದೆ. ಅದು ಕುಂಡವಲ್ಲ, ಕುಕ್ಕರ್. ಅದರ ತಳದಲ್ಲಿ ಒಂದು ತೂತು. "ರಿಪೇರಿ ಅಂಗಡಿ ಇಟ್ಕೊಂಡು ನಿಂಗೇ ಇದನ್ನ ರಿಪೇರಿ ಮಾಡಕ್ಕೆ ಬರ್ಲಿಲ್ವಾ ಅಜ್ಜಿ?" ಎಂದು ಕೇಳಿದೆ. ನಿಮ್ಮಮ್ಮ ನಿನ್ನನ್ನು ಗದರಿದಳು. ನಾನು ಅದೂ ರಿಪೇರಿಯೇ ಕಣೋ ಎಂದೆ. ನೀವಿಬ್ಬರೂ ನಕ್ಕಿರಿ. ನಗುವ ಮಾತೇ ಸರಿ. ಆದರೆ ಆ ಕೊನೆಯ ಕುಕ್ಕರಿನ ತೂತು ಕೊರೆದವಳು ನಾನು. ಉಳಿದವನ್ನೆಲ್ಲ ನಿಮ್ಮ ತಾತ ಕೊರೆದದ್ದು.

ನನ್ನ ಅಜ್ಜಿಗೆ ಓದುಬರಹ ಇರಲಿಲ್ಲ. ಅವಳು ಬೆಂಗಳೂರನ್ನು ನೋಡಿದವಳೂ ಅಲ್ಲ. ಆದರೂ ಊರಿಗೆ ಬರುತ್ತಿದ್ದ ಒಂದೇ ಒಂದು ಬಸ್ಸು ಕೆರೆ ಏರಿಯ ಮೇಲೆ ನಿಂತುಬಿಟ್ಟರೆ, ಬಸ್ಸು ರಿಪೇರಿಗೆ ಬಂತು ಎನ್ನುತ್ತಿದ್ದಳು. ಕೆಟ್ಟಿತು ಎನ್ನುತ್ತಿರಲಿಲ್ಲ. ತನ್ನ ಮೊಣಕಾಲು ಹಿಡಿದುಕೊಂಡಾಗಲೂ ಕಾಲು ರಿಪೇರಿಗೆ ಬಂತು ಎಂದೇ ಹೇಳುತ್ತಿದ್ದಳು. ನಮ್ಮ ಮೇಷ್ಟ್ರಿಗೆ ಅದು ಬೆದರಿಕೆಯ ಮಾತು. ಮಗ್ಗಿ ತಪ್ಪಿದ ಹುಡುಗರನ್ನು ಕರೆದು, ಬಾ ಇಲ್ಲಿ, ನಿನ್ನ ರಿಪೇರಿ ಮಾಡ್ತೀನಿ ಎನ್ನುತ್ತಿದ್ದರು. ಹುಡುಗಿಯರಿಗೆ ಹಾಗೆ ಹೇಳುತ್ತಿರಲಿಲ್ಲ. ನಾವು ಬೆಂಚಿನ ಮೇಲೆ ನಿಂತರೆ ಸಾಕಾಗಿತ್ತು.

ಆಗ ಬೇರೆ ಮಾತುಗಳೂ ಇದ್ದವು. ಹರಿದ ಬಟ್ಟೆಗೆ ತೇಪೆ ಹಾಕುತ್ತಿದ್ದರು. ಸೋರುವ ಬಿಂದಿಗೆಗೆ ಬೆಸುಗೆ, ಹಿತ್ತಾಳೆ ಪಾತ್ರೆಗೆ ಕಲಾಯಿ. ಮಳೆಗಾಲದ ಮುಂಚೆ ಹೆಂಚು ಕೈಯಾಡಿಸುತ್ತಿದ್ದರು. ಮಾತು ಕೇಳಿದರೆ ಸಾಕು, ಏನು ಮಾಡುತ್ತಾರೆ ಎಂದು ತಿಳಿಯುತ್ತಿತ್ತು. ಕಲಾಯಿಯವನು ಬೀದಿಯಲ್ಲೇ ಕೂತು ನಮ್ಮ ಕಣ್ಣೆದುರಿಗೇ ಪಾತ್ರೆ ಉಜ್ಜುತ್ತಿದ್ದ. ರಿಪೇರಿ ಹಾಗಲ್ಲ. ರಿಪೇರಿಗೆ ಕೊಟ್ಟಿದ್ದೀನಿ ಎಂದರೆ, ಇನ್ನೊಬ್ಬರ ಕೈಗೆ ಕೊಟ್ಟು ಬಂದಿದ್ದೀನಿ ಎಂದಷ್ಟೇ ಅರ್ಥ. ಒಳಗೆ ಅವರು ಏನು ಮಾಡಿದರೆಂದು ಯಾರು ಬಿಚ್ಚಿ ನೋಡುತ್ತಾರೆ? ಪುಟ್ಟಿ, ನಿನ್ನ ಪ್ರಶ್ನೆ ಕೇಳಿದ ಮೇಲೆ ನಾನು ಹೆಚ್ಚು ಯೋಚಿಸಿದ್ದು ಇದನ್ನೇ.

ನಿಮ್ಮ ತಾತನ ಅಂಗಡಿ ಅಂದರೆ ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆ. "ಕುಕ್ಕರ್, ಮಿಕ್ಸಿ, ಗ್ಯಾಸ್ ಸ್ಟೌವ್ ರಿಪೇರಿ ಮಾಡಲಾಗುವುದು" ಎಂಬ ಬೋರ್ಡು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅಡುಗೆಮನೆ ಬಾಗಿಲಲ್ಲೇ ನಿಂತು ಅವರ ಕೆಲಸ ನೋಡುತ್ತಿದ್ದೆ. ನಿಮ್ಮಮ್ಮ ಹುಟ್ಟಿ, ಶಾಲೆಗೆ ಹೋಗತೊಡಗಿದ ಮೇಲೆ ಒಂದು ಸ್ಟೂಲು ಹಾಕಿಕೊಂಡು ಅವರ ಪಕ್ಕ ಕೂತೆ. ಗಿರಾಕಿ ಬಂದರೆ ಒಳಗೆ ಎದ್ದು ಹೋಗುತ್ತಿದ್ದೆ. ಹೋದ ಮೇಲೆ ಬಂದು ಕೂರುತ್ತಿದ್ದೆ. ಕೆಲಸ ಕಲಿತದ್ದು ಹಾಗೆ, ಎದ್ದು ಕೂತು, ಎದ್ದು ಕೂತು.

ಅವರ ಕ್ರಮ ಹೀಗಿತ್ತು. ಗಿರಾಕಿ ಕುಕ್ಕರ್ ತಂದರೆ ಕೂಡಲೇ ಬಿಚ್ಚುತ್ತಿರಲಿಲ್ಲ. ಮೊದಲು ಹೇಳಿ, ಹೆಂಗಾಯ್ತು ಎನ್ನುತ್ತಿದ್ದರು. ಅವರು ಹೇಳುತ್ತಿದ್ದರು. ಕುಕ್ಕರಿನ ಕಥೆಯೊಂದಿಗೆ ಮನೆಯ ಕಥೆಯೂ ಬರುತ್ತಿತ್ತು. ಎಲ್ಲ ಕೇಳಿ ಒಂದು ಚೀಟಿ ಬರೆಯುತ್ತಿದ್ದರು. ಚೀಟಿಯೆಂದರೆ ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಮಾಡಿದ ತುಂಡು. ಒಂದರ ಹಿಂದೆ "ಚಿ.ಸೌ." ಅಷ್ಟೇ ಉಳಿದಿರುತ್ತಿತ್ತು, ಇನ್ನೊಂದರ ಹಿಂದೆ ಗಣಪತಿಯ ಸೊಂಡಿಲು. ಅದರಲ್ಲಿ ಹೆಸರು ಬರೆಯುತ್ತಿರಲಿಲ್ಲ. ಯಾವ ಕಡೆಯವರು, ಏನು ತೊಂದರೆ, ಇಷ್ಟೆ. "ತ್ಯಾಗರಾಜನಗರ, ಬಾವಿ ಮನೆ, ಹಿಡಿ ಅಲ್ಲಾಡುತ್ತೆ." ಹೆಸರು ಮರೆತುಹೋಗುತ್ತೆ, ಕಾಯಿಲೆ ಮರೆಯೋದಿಲ್ಲ ಎನ್ನುತ್ತಿದ್ದರು. ಚೀಟಿ ಎರಡು ತುಂಡು ಮಾಡಿ ಒಂದನ್ನು ಗಿರಾಕಿಗೆ ಕೊಟ್ಟು, ಇನ್ನೊಂದನ್ನು ಕುಕ್ಕರಿಗೆ ಕಟ್ಟುತ್ತಿದ್ದರು. ಕೊಟ್ಟು ಕಳಿಸಿದ ಮೇಲೆ ಎರಡೂ ತುಂಡು ಕೂಡಿಸಿ ತಂತಿಗೆ ಚುಚ್ಚುತ್ತಿದ್ದರು.

ಕೊಡುವ ಮುಂಚೆ ಗಿರಾಕಿಯ ಎದುರಿಗೇ ಒಂದು ಲೋಟ ನೀರು ಹಾಕಿ ಸ್ಟೌವಿನ ಮೇಲಿಟ್ಟು ಮೂರು ಕೂಗು ಕೂಗಿಸುತ್ತಿದ್ದರು. ಎಷ್ಟೇ ಅವಸರದವರಿರಲಿ, ಮೂರು ಕೂಗು ಕೇಳದೆ ಕುಕ್ಕರ್ ಕೈಗೆ ಕೊಡುತ್ತಿರಲಿಲ್ಲ. ಒಂದು ದಿನ ನಾನು, ಮೂರು ಕೂಗಿದರೆ ಎಲ್ಲ ಸರಿ ಇದೆ ಅಂತಲೇ ಎಂದು ಕೇಳಿದೆ. ಅವರು ಮುಚ್ಚಳ ತಿರುಗಿಸಿ, ಅದರ ಮೇಲೆ ಬಟಾಣಿ ಗಾತ್ರದ ಸೇಫ್ಟಿ ವಾಲ್ವ್ ತೋರಿಸಿದರು. ವಿಷಲ್ ಕೂರುವ ಕೊಳವೆಯಲ್ಲಿ ಬೇಳೆ ಸಿಕ್ಕಿ ಆವಿಗೆ ದಾರಿ ಇಲ್ಲದಾದರೆ ಈ ಬಿಲ್ಲೆಯೊಳಗಿನ ಲೋಹ ಕರಗಿ ಆವಿಯನ್ನು ಹೊರಗೆ ಬಿಡುತ್ತದೆ. ಇಲ್ಲದಿದ್ದರೆ ಮುಚ್ಚಳವೇ ಹಾರುತ್ತದೆ.

"ಕೂಗೋದನ್ನ ಗಿರಾಕಿ ನೋಡ್ತಾರೆ," ಎಂದರು. "ಕೂಗದೆ ಸುಮ್ನೆ ಕೂತಿರೋದನ್ನ ನಾವು ನೋಡ್ಬೇಕು."

ಆ ಬಿಲ್ಲೆ ಕೂರುವ ಜಾಗವೇ ಸವೆದುಹೋಗಿದ್ದರೆ, ತಳ ಉಬ್ಬಿದ್ದರೆ, ಅವರು ಚೀಟಿಯ ಮೇಲೆ "ಆಗಲ್ಲ" ಎಂದು ಬರೆಯುತ್ತಿದ್ದರು. ಅಲ್ಲಿಗೆ ಬಿಡುತ್ತಲೂ ಇರಲಿಲ್ಲ. ಗಿರಾಕಿಯನ್ನು ಒಪ್ಪಿಸಿ ಡ್ರಿಲ್ಲಿಂಗ್ ಮಿಷನ್ನಿನಿಂದ ತಳಕ್ಕೆ ಒಂದು ತೂತು ಕೊರೆದು, ಗಿಡ ಹಾಕ್ಕೊಳ್ಳಿ ಎಂದು ಕೊಡುತ್ತಿದ್ದರು. ತೂತು ಹಾಕದೆ ಕೊಟ್ಟರೆ ಅವರು ಇನ್ನೊಂದು ಅಂಗಡಿಗೆ ಹೋಗುತ್ತಾರೆ, ಅಲ್ಲಿ ಯಾರಾದರೂ ಏನಾದರೂ ತುರುಕಿ ಕೊಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಜಗಳ ಆಡಿದವರೂ ಇದ್ದರು. ತೂತು ಬೇಡ ಎಂದು ಎತ್ತಿಕೊಂಡು ಹೋದವರೂ ಇದ್ದರು. ಗಿಡ ಬೇಡವೆಂದು ಬಿಟ್ಟುಹೋದವರ ಕುಕ್ಕರುಗಳು ನಮ್ಮ ಟೆರೇಸು ಸೇರಿದವು. ಹಾಗಾಗಿ ನೀವು ತಿನ್ನುವ ದೊಡ್ಡಪತ್ರೆ ಬಜ್ಜಿಗೆಲ್ಲ ಯಾವುದೋ ಮನೆಯ ಊಟದ ಋಣವಿದೆ.

ತಾತ ಹೋದ ಮೇಲೆ ನಿಮ್ಮಮ್ಮ ಅಂಗಡಿ ಮುಚ್ಚು, ಜೆ.ಪಿ. ನಗರಕ್ಕೆ ನಮ್ಮ ಮನೆಗೇ ಬಂದುಬಿಡು ಎಂದಳು. ಹೂಂ ಅಂದೆ. ಆದರೆ ತಿಂಗಳು ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ಹಾಲು ಕಾಯಿಸಿ, ಮನೆ ಗುಡಿಸಿ, ಎಂಟೂವರೆಗೆಲ್ಲ ಮಾಡಲು ಏನೂ ಉಳಿಯದೆ, ಸುಮ್ಮನೆ ಷಟರ್ ಎತ್ತಿದೆ. ರಿಪೇರಿಗೆ ತಂದಿಟ್ಟ ನಾಲ್ಕು ಕುಕ್ಕರುಗಳು ಚೀಟಿ ಕಟ್ಟಿಕೊಂಡು ಹಾಗೇ ಕೂತಿದ್ದವು. ಅವನ್ನು ಮುಗಿಸಿಕೊಡೋಣವೆಂದು ಶುರು ಮಾಡಿದೆ. ನಾಲ್ಕು ಮುಗಿಯುವಷ್ಟರಲ್ಲಿ ಇನ್ನೆರಡು ಬಂದವು.

ಗ್ಯಾಸ್ಕೆಟ್ ಹಾಕುವುದು, ಹಿಡಿ ಬಿಗಿಸುವುದು, ಸ್ಟೌವಿನ ಬರ್ನರ್ ಬಿಡಿಸುವುದು ನನಗೆ ಬರುತ್ತಿತ್ತು. ಬಾರದೆ ಇದ್ದದ್ದು ಒಂದೇ. ಆಗಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಎದುರಿಗೆ ನಿಂತವರು ನನ್ನ ಮುಖ ನೋಡುತ್ತಿದ್ದರೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ಅಂಥ ಕುಕ್ಕರ್ ಬಂದರೆ, ಬಿಟ್ಟು ಹೋಗಿ ನೋಡ್ತೀನಿ ಎನ್ನುತ್ತಿದ್ದೆ. ಮಾರನೆಯ ದಿನ ಪಾರ್ಟು ಸಿಗಲಿಲ್ಲ ಎಂದು ವಾಪಸು ಕೊಡುತ್ತಿದ್ದೆ. ತೂತಿನ ಮಾತೇ ಎತ್ತುತ್ತಿರಲಿಲ್ಲ. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಸಣ್ಣ ಸುಳ್ಳು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಹೀಗಿರುವಾಗ ಒಂದು ದಿನ ಹನ್ನೊಂದು ಗಂಟೆಗೆ ಹನುಮಂತನಗರದಿಂದ ಒಬ್ಬ ಅಮ್ಮ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು, ನಿಮ್ಮ ತಾತನ ಕಾಲದ ಗಿರಾಕಿ. ಬಟ್ಟೆ ಚೀಲದಲ್ಲಿ ಐದು ಲೀಟರಿನ ಹಳೇ ಕುಕ್ಕರ್. ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು ನಾನು ಕೇಳುವ ಮೊದಲೇ ಶುರು ಮಾಡಿದರು. ಮುಚ್ಚಳದಿಂದ ನೀರು ಚಿಮ್ಮುತ್ತದಂತೆ, ಬೇಳೆ ಹಸಿ ಉಳಿಯುತ್ತದಂತೆ. ಉಕ್ಕಿ ಬಂದ ಬೇಳೆ ವಿಷಲಿನೊಳಗೆ ಸಿಕ್ಕಿಕೊಳ್ಳುತ್ತದಂತೆ. ಪಕ್ಕದಲ್ಲೇ ಹಿಟ್ಟಿನ ಗಿರಣಿ, ಅದರ ಸದ್ದಿಗೆ ಎಷ್ಟು ಕೂಗಿತು ಎಂದು ಲೆಕ್ಕ ತಪ್ಪುತ್ತದಂತೆ. ಈ ಕುಕ್ಕರ್ ಅವರ ಮಗಳು ಮೊದಲನೇ ಸಂಬಳದಲ್ಲಿ ತಂದುಕೊಟ್ಟದ್ದಂತೆ. ಮಗಳು ಈಗಿಲ್ಲವಂತೆ. ಅದನ್ನು ಹೇಳುವಾಗ ಅವರ ದನಿ ಬದಲಾಗಲಿಲ್ಲ. ಗಿರಣಿಯ ಮಾತಿನ ಜೊತೆಯಲ್ಲೇ ಹೇಳಿಬಿಟ್ಟರು.

ನಾನು ಚೀಟಿಯಲ್ಲಿ "ಹನುಮಂತನಗರ, ಬೇಳೆ ಹಸಿ" ಎಂದಷ್ಟೇ ಬರೆದೆ. ಮುಚ್ಚಳ ಎತ್ತಿ ನೋಡಿದೆ. ಸೇಫ್ಟಿ ವಾಲ್ವ್ ಸಡಿಲವಾಗಿ ಅಲ್ಲಾಡುತ್ತಿತ್ತು. ಹೊಸದು ಹಾಕಿದರೆ ಅದೂ ನಿಲ್ಲಲಿಲ್ಲ. ಅದು ಕೂರುವ ತೂತಿನ ಥ್ರೆಡ್ಡೇ ಸವೆದುಹೋಗಿತ್ತು. ನಿಮ್ಮ ತಾತ ಒಂದೇ ನೋಟದಲ್ಲಿ ಡ್ರಿಲ್ಲಿಂಗ್ ಮಿಷನ್ನಿಗೆ ಕೈ ಹಾಕುವಂಥ ಮುಚ್ಚಳ.

ಬಿಟ್ಟು ಹೋಗಿ ಎಂದೆ. ಅವರು ಹೋಗಲಿಲ್ಲ.

"ಇಲ್ಲೇ ಕೂತಿರ್ತೀನಿ. ಎರಡು ಸಲ ಓಡಾಡಕ್ಕೆ ನನ್ನ ಕೈಲಾಗಲ್ಲ."

ಪಾರ್ಟು ಸಿಗುವುದು ಕಷ್ಟ ಎಂದೆ. ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ನನ್ನನ್ನೂ ಹಾಗೇ ನೋಡಿದರು.

"ನಿಮ್ಮೆಜಮಾನ್ರು ಇದ್ದಿದ್ರೆ ಇಷ್ಟೊತ್ತಿಗೆ ಮಾಡಿ ಕೊಟ್ಬಿಡೋರು ಬಿಡಿ," ಎಂದರು.

ಪುಟ್ಟಿ, ಗುಂಡಣ್ಣ, ಆ ಮಾತು ನನಗೆ ಎಲ್ಲಿ ತಾಗಿತೆಂದು ನಾನು ಇವತ್ತಿಗೂ ಬೆರಳಿಟ್ಟು ತೋರಿಸಬಲ್ಲೆ. ಅಂಗಡಿ ಅವರ ಜೊತೆಗೇ ಹೋಯಿತು, ಈಕೆ ಸುಮ್ಮನೆ ಷಟರ್ ಎತ್ತಿಕೊಂಡು ಕೂತಿದ್ದಾಳೆ ಎಂದು ಅವರು ಹೇಳಿದ ಹಾಗಾಯಿತು. ನಾನು ಡಬ್ಬಿಯಿಂದ ಒಂದು ಬೋಲ್ಟು ತೆಗೆದೆ. ಎರಡೂ ಕಡೆ ವಾಷರ್ ಇಟ್ಟು, ಸೇಫ್ಟಿ ವಾಲ್ವ್ ಇರಬೇಕಾದ ತೂತಿಗೆ ಹಾಕಿ, ನಟ್ಟು ಬಿಗಿದೆ. ಹೊಸ ಗ್ಯಾಸ್ಕೆಟ್ ಹಾಕಿದೆ. ನೀರು ಹಾಕಿ ಸ್ಟೌವಿನ ಮೇಲಿಟ್ಟೆ. ಒಂದು ಹನಿ ಸೋರಲಿಲ್ಲ. ಒಂದು, ಎರಡು, ಮೂರು. ಅಷ್ಟು ಗಟ್ಟಿಯಾದ ಕೂಗನ್ನು ನಾನು ಆ ಅಂಗಡಿಯಲ್ಲಿ ಕೇಳಿರಲಿಲ್ಲ.

ಆ ಅಮ್ಮನ ಮುಖ ಅರಳಿತು. ನನ್ನ ಕೈ ಹಿಡಿದುಕೊಂಡು, ನೀವೂ ಅವರ ಹಾಗೇನೇ ಎಂದರು. ಅವತ್ತು ಮಧ್ಯಾಹ್ನದ ಊಟ ನನಗೆ ರುಚಿಯಾಗಿತ್ತು. ಅದನ್ನೂ ಬರೆಯಬೇಕು. ತಪ್ಪು ಮಾಡಿದ ದಿನ ಹಸಿವಾಗುವುದಿಲ್ಲ ಎಂದೇನೂ ಇಲ್ಲ.

ಮಾರನೆಯ ಬೆಳಿಗ್ಗೆ ಷಟರ್ ಎತ್ತಿ ಹಿಂದಿನ ದಿನದ ಚೀಟಿಯ ಎರಡು ತುಂಡು ಕೂಡಿಸಿ ತಂತಿಗೆ ಚುಚ್ಚಲು ಹೋದೆ. "ಬೇಳೆ ಹಸಿ" ಎಂಬುದು ಕಣ್ಣಿಗೆ ಬಿತ್ತು. ತಂತಿಯಲ್ಲಿ ನನ್ನ ಚೀಟಿಗಳು ಸರಿದು ಕೆಳಗೆ ನಿಮ್ಮ ತಾತನ ಕೈಬರಹದ್ದೊಂದು ಕಂಡಿತು. "ಗಿರಿನಗರ, ಬೇಳೆ ವಿಷಲಿಗೆ ಸಿಗುತ್ತೆ. ಆಗಲ್ಲ. ತೂತು." ಆಗ ನನಗೆ ಆ ಅಮ್ಮ ಹೇಳಿದ್ದೆಲ್ಲ ಒಂದರ ಹಿಂದೆ ಒಂದು ಕೇಳಿಸಿತು. ಅವರ ಬೇಳೆ ಉಕ್ಕಿ ಕೊಳವೆ ಕಟ್ಟಿಕೊಳ್ಳುತ್ತದೆ. ಸೇಫ್ಟಿ ವಾಲ್ವ್ ಇರುವುದೇ ಅಂಥ ಹೊತ್ತಿಗೆ. ಅದರ ಜಾಗದಲ್ಲಿ ನಾನು ಕರಗದ ಬೋಲ್ಟು ಬಿಗಿದು ಕಳಿಸಿದ್ದೆ. ಮೊದಲು ಅದು ಸೋರಿಕೊಂಡಾದರೂ ಆವಿ ಬಿಡುತ್ತಿತ್ತು. ನಾನು ಅದನ್ನೂ ಮುಚ್ಚಿದ್ದೆ.

ನಿಮ್ಮಮ್ಮನಿಗೆ ಫೋನ್ ಮಾಡಿದೆ. ಅವಳು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಬಿಡಮ್ಮ, ಎಷ್ಟೋ ಜನ ಬೋಲ್ಟ್ ಹಾಕ್ಕೊಂಡೇ ಬೇಯಿಸ್ತಾರೆ, ಅವರ ನಂಬರ್ ಇದ್ರೆ ಒಂದು ಫೋನ್ ಮಾಡು ಎಂದಳು. ನಂಬರ್ ಎಲ್ಲಿಂದ ಬರಬೇಕು? ಗಿರಾಕಿಯ ಹೆಸರೇ ಬರೆದುಕೊಳ್ಳದ ಅಂಗಡಿ ನಮ್ಮದು.

ನನ್ನ ಅಡುಗೆಮನೆಯ ಕುಕ್ಕರ್ ತೊಳೆದು ಚೀಲಕ್ಕೆ ಹಾಕಿಕೊಂಡೆ. ಬರಿಗೈಯಲ್ಲಿ ಹೋಗಿ ಅವರ ಕುಕ್ಕರ್ ಕಿತ್ತುಕೊಂಡರೆ ಅವರು ಯಾವುದರಲ್ಲಿ ಅನ್ನ ಮಾಡಬೇಕು? ಷಟರ್ ಎಳೆದೆ. ಬಸ್ಸು ಕಾಯಲು ಮನಸ್ಸು ಒಪ್ಪದೆ ಆಟೋ ಹತ್ತಿದೆ. ಹನುಮಂತನಗರದಲ್ಲಿ ಗುಡ್ಡದ ದೇವಸ್ಥಾನದ ಮೆಟ್ಟಿಲ ಹತ್ತಿರ ಇಳಿದೆ. ಇಳಿದ ಮೇಲೆ ಯಾವ ಕಡೆ ಹೋಗಬೇಕೋ ತಿಳಿಯಲಿಲ್ಲ.

ಹತ್ತು ಗಂಟೆಯ ಹೊತ್ತು. ಸುತ್ತಲಿನ ಮನೆಗಳಲ್ಲಿ ಅಡುಗೆ ನಡೆದಿತ್ತು. ಮೇಲಿನಿಂದ ಒಂದು ಕುಕ್ಕರ್ ಕೂಗಿತು. ಎದುರು ಓಣಿಯಿಂದ ಇನ್ನೊಂದು. ಇಷ್ಟು ವರ್ಷ ನನಗೆ ಅದು ಸಮಾಧಾನದ ಸದ್ದು. ಅವತ್ತು ಪ್ರತಿ ಕೂಗಿಗೂ ಬೆಚ್ಚಿ ಆ ಕಡೆ ತಿರುಗುತ್ತಿದ್ದೆ. ಕೂಗುವ ಕುಕ್ಕರಿನ ಭಯ ಬೇಕಿಲ್ಲ, ಕೂಗದೆ ಕೂತಿರುವುದರ ಭಯ ಬೇಕು ಎಂದು ಗೊತ್ತಿದ್ದರೂ.

ಮೆಟ್ಟಿಲ ಬುಡದಲ್ಲಿ ಹೂ ಕಟ್ಟುತ್ತಾ ಕೂತಿದ್ದವಳನ್ನು ಕೇಳಬೇಕಿತ್ತು. ಅವಳ ಮುಂದೆ ಎರಡು ಸಲ ಹಾದುಹೋದೆ. ಮೂರನೆಯ ಸಲ ಅವಳೇ ಕೇಳಿದಳು.

"ಯಾರು ಬೇಕಿತ್ತಕ್ಕ?"

ಒಬ್ಬರು ವಯಸ್ಸಾದವರು, ಬಿಳಿ ಕೂದಲು, ನಿನ್ನೆ ನನ್ನ ಹತ್ತಿರ ಕುಕ್ಕರ್ ರಿಪೇರಿ ಮಾಡಿಸಿಕೊಂಡು ಬಂದರು ಎಂದೆ. ಅವಳು ದಾರ ಎಳೆಯುವುದನ್ನು ನಿಲ್ಲಿಸಿದಳು.

"ಹೆಸ್ರಿಲ್ಲ, ಮನೆ ನಂಬರಿಲ್ಲ. ಬಿಳಿ ಕೂದ್ಲು ಅಂದ್ರೆ ಅರ್ಧ ಹನುಮಂತನಗರ ಅಕ್ಕ. ಕುಕ್ಕರ್ ಇಲ್ದಿರೋ ಮನೆ ತೋರ್ಸು ಅಂದಿದ್ರೆ ಬೇಗ ತೋರ್ಸ್ತಿದ್ದೆ."

ನಗು ಬರಲಿಲ್ಲ. ನಿಮ್ಮ ತಾತನಾಗಿದ್ದರೆ ಏನು ಬರೆಯುತ್ತಿದ್ದರು ಎಂದು ಯೋಚಿಸಿದೆ. ಅವರು ಕಥೆ ಪೂರ್ತಿ ಕೇಳಿ ಆಮೇಲೆ ಬರೆಯುತ್ತಿದ್ದರು. ನಾನು ಎರಡೇ ಮಾತು ಬರೆದಿದ್ದೆ, ಆದರೆ ಕೇಳಿದ್ದಂತೂ ಕೇಳಿದ್ದೆ. ಗಿರಣಿ ನೆನಪಾಯಿತು.

"ಇಲ್ಲಿ ಹಿಟ್ಟಿನ ಗಿರಣಿ ಎಲ್ಲಿದೆ?" ಎಂದೆ.

ಅವಳು ಎಡಕ್ಕೆ ಕೈ ತೋರಿಸಿದಳು. ಎರಡನೆಯ ಅಡ್ಡರಸ್ತೆ. ಗಿರಣಿ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಸಿಕ್ಕಿತು. ಅದರ ಪಕ್ಕ ಕಬ್ಬಿಣದ ಸಣ್ಣ ಗೇಟು. ಹೊಸಿಲ ಹತ್ತಿರ ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಆ ಅಮ್ಮ ಕಲ್ಲು ಆರಿಸುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಆಮೇಲೆ ಬನ್ನಿ ಬನ್ನಿ ಎಂದು ಏಳಲು ಹೊರಟರು. ಒಲೆ ಮೇಲೆ ಕುಕ್ಕರ್ ಇಟ್ಟಿದ್ದೀರಾ ಎಂದು ಕೇಳಿದೆ. ಗಿರಣಿ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿ ಕೇಳಿದೆ. ಬೇಳೆಗಿಟ್ಟು ಬಂದೆ, ಇನ್ನೂ ಕೂಗಿದ ಹಾಗೆ ಕಾಣಲ್ಲ ಎಂದರು.

ಗುರುತಿಲ್ಲದವರ ಮನೆಯ ಅಡುಗೆಮನೆಗೆ ಕೇಳದೆ ಹೋಗುವವಳಲ್ಲ ನಾನು. ಚಪ್ಪಲಿಯನ್ನಾದರೂ ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಒಳಗೆ ಹೋಗಿ ಗ್ಯಾಸ್ ಆರಿಸಿದೆ. ಕುಕ್ಕರ್ ಸದ್ದಿಲ್ಲದೆ ಕೂತಿತ್ತು. ಮುಚ್ಚಳದ ಮೇಲೆ ನಾನು ಬಿಗಿದ ಬೋಲ್ಟು ಹೊಳೆಯುತ್ತಿತ್ತು. ವಿಷಲಿನ ಬುಡದಲ್ಲಿ ಬೇಳೆಯ ನೊರೆ ಒಣಗಿತ್ತು. ಅದನ್ನು ಮುಟ್ಟದೆ, ಅವರ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದು ಅಡುಗೆಮನೆಯ ಬಾಗಿಲು ಮುಂದಕ್ಕೆ ಎಳೆದುಕೊಂಡೆ. ಅವರು ಗಾಬರಿಯಾಗಿ ನನ್ನನ್ನೇ ನೋಡುತ್ತಿದ್ದರು.

ತಣ್ಣಗಾಗುವವರೆಗೂ ಕಾಯಬೇಕಿತ್ತು. ಇಬ್ಬರೂ ಹೊಸಿಲ ಹತ್ತಿರ, ಅಕ್ಕಿ ಮೊರದ ಆಚೆ ಈಚೆ ಕೂತೆವು. ಎದ್ದು ಹೋಗಿಬಿಡಲು ಅಲ್ಲಿ ನನಗೆ ಒಳಮನೆ ಇರಲಿಲ್ಲ.

"ಇದು ಆಗಲ್ಲ ಅಮ್ಮ," ಎಂದೆ. "ನಿನ್ನೇನೇ ಹೇಳ್ಬೇಕಿತ್ತು. ಹೇಳಕ್ಕೆ ಧೈರ್ಯ ಬರದೆ ಬೋಲ್ಟ್ ಹಾಕ್ಕೊಟ್ಟೆ. ಇನ್ನು ಇದರಲ್ಲಿ ಬೇಯಿಸ್ಬಾರ್ದು. ತಪ್ಪು ನಂದು."

ಅವರಿಗೆ ಮೊದಲು ಅರ್ಥವಾಗಲಿಲ್ಲ. ನಿನ್ನೆ ಚೆನ್ನಾಗಿ ಕೂಗಿತಲ್ಲ ಎಂದರು. ಅರ್ಥವಾದಾಗ ಸಿಟ್ಟು ಬಂತು. ಬರಬೇಕಾದ್ದೇ. ಎರಡು ಸಲ ಓಡಾಡಲು ಆಗಲ್ಲವೆಂದು ಬಾಯಿಬಿಟ್ಟು ಹೇಳಿದೆನಲ್ಲ, ನಿನ್ನೆ ಮಾಡ್ತೀನಿ ಅಂದು ಇವತ್ತು ಆಗಲ್ಲ ಅಂದರೆ ಏನು ಅರ್ಥ, ನಾನು ಒಬ್ಬಳೇ ಇರುವವಳು ಎಂದು ಹೀಗೆ ಮಾಡಿದಿರಾ ಎಂದರು. ನಾನು ತಲೆ ತಗ್ಗಿಸಿ ಅಕ್ಕಿಯ ಕಲ್ಲು ಆರಿಸುತ್ತಿದ್ದೆ. ಕೈಗೆ ಏನಾದರೂ ಬೇಕಿತ್ತು. ಕೊನೆಗೆ ಅವರು ಅದೇ ಮಾತಿಗೆ ಬಂದರು.

"ನಿಮ್ಮೆಜಮಾನ್ರು ಇದ್ದಿದ್ರೆ..."

ಈ ಸಲ ನಾನು ತಲೆ ಎತ್ತಿದೆ.

"ಅವರಿದ್ದಿದ್ರೆ ನಿನ್ನೇನೇ ತಳಕ್ಕೆ ತೂತು ಹಾಕಿ ಕೊಡ್ತಿದ್ರು, ಅಮ್ಮ."

ಗಿರಣಿ ಯಾವಾಗ ನಿಂತಿತೋ ಗೊತ್ತಿಲ್ಲ. ಅವರು ಮೊರವನ್ನು ತಮ್ಮ ಕಡೆ ಎಳೆದುಕೊಂಡು, ಕಲ್ಲು ಅಂತ ಒಳ್ಳೇ ಅಕ್ಕಿನೂ ಆರಿಸಿ ಹಾಕ್ತಿದ್ದೀರಲ್ಲ ಎಂದರು.

ಕುಕ್ಕರ್ ತಣ್ಣಗಾದ ಮೇಲೆ ಮುಚ್ಚಳ ತೆಗೆದು ತೋರಿಸಿದೆ. ಕೊಳವೆಗೆ ಒಂದು ಕಡ್ಡಿ ತೂರಿಸಿದರೆ ಬೇಳೆ ಸಿಪ್ಪೆಯ ಮುದ್ದೆ ಹೊರಬಿತ್ತು. ಅವರು ಅದನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ನಾನು ಚೀಲದಿಂದ ನನ್ನ ಕುಕ್ಕರ್ ತೆಗೆದು ಒಲೆಯ ಪಕ್ಕ ಇಟ್ಟೆ. ಅದು ಬೇಡ ಎಂದರು. ಹೊಸದು ತರಿಸಿಕೊಳ್ಳುವವರೆಗೆ ಇರಲಿ ಎಂದೆ. ಬೇಳೆಯನ್ನು ಅದಕ್ಕೆ ಸುರಿದು, ಎರಡು ಕೂಗು ಹೆಚ್ಚಾಗಿ ಬೇಯಿಸಿದೆವು. ತಮ್ಮ ಖಾಲಿ ಕುಕ್ಕರನ್ನು ತೊಳೆದು, ಒರೆಸಿ, ಅವರೇ ನನ್ನ ಚೀಲಕ್ಕೆ ಹಾಕಿದರು.

ತೂತು ಹಾಕಿ ತಂದುಕೊಡಲೇ, ತುಳಸಿ ಹಾಕಿಕೊಳ್ಳುತ್ತೀರಾ ಎಂದು ಕೇಳಿದೆ. ಮಗಳು ತಂದದ್ದು ಅಂದಿದ್ದರಲ್ಲ, ಅದಕ್ಕೆ.

"ನನ್ನ ಕಣ್ಣೆದುರಿಗೆ ಬೇಡ. ಎಲ್ಲಾದ್ರೂ ಚೆನ್ನಾಗಿ ಬೆಳೀಲಿ. ನೀವೇ ಇಟ್ಕೊಳ್ಳಿ," ಎಂದರು.

ಮನೆಗೆ ಬಂದು ಡ್ರಿಲ್ಲಿಂಗ್ ಮಿಷನ್ ತೆಗೆದೆ. ಅದನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅದರ ಸದ್ದಿಗೆ ಹೆದರುತ್ತಿದ್ದೆ. ಕುಕ್ಕರ್ ಮೊದಲ ಸಲ ಜಾರಿ ತಳದ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು. ಗುಂಡಣ್ಣ, ಮುಂದಿನ ಸಲ ಎತ್ತಿದಾಗ ನೋಡು, ತೂತಿನ ಪಕ್ಕ ಆ ಗೀರು ಇದೆ. ಎರಡನೆಯ ಸಲ ಮೊಣಕಾಲಿನಲ್ಲಿ ಅದುಮಿ ಹಿಡಿದು ಕೊರೆದು, ಮಣ್ಣು ತುಂಬಿ ದೊಡ್ಡಪತ್ರೆಯ ಕಡ್ಡಿ ನೆಟ್ಟೆ. ಚೀಟಿಗೆ "ಆಗಲ್ಲ. ತೂತು" ಎಂದು ಸೇರಿಸಿ ತಂತಿಗೆ ಚುಚ್ಚಿದೆ. ಬಿಚ್ಚಿದ ಬೋಲ್ಟನ್ನು ಮಾತ್ರ ಡಬ್ಬಿಗೆ ಹಾಕಲಿಲ್ಲ. ಅದು ಅಂಗಡಿಯ ದೇವರ ಪಟದ ಕೆಳಗಿನ ಹಲಗೆಯ ಮೇಲಿದೆ. ನಿಮ್ಮಮ್ಮ ಯಾಕೆ ಎಂದು ಎರಡು ಸಲ ಕೇಳಿದ್ದಾಳೆ. ಈಗ ಅವಳಿಗೂ ಗೊತ್ತಾಗುತ್ತದೆ.

ಆ ಅಮ್ಮ ನಾಲ್ಕನೆಯ ದಿನ ನನ್ನ ಕುಕ್ಕರನ್ನು ವಾಪಸು ತಂದುಕೊಟ್ಟರು. ಎರಡು ಸಲ ಓಡಾಡಲಾರೆ ಎಂದವರು ಎರಡನೆಯ ಸಲ ಬಂದಿದ್ದರು. ಒಳಗೆ ಒಂದು ಡಬ್ಬಿ ತೊವ್ವೆ ಇತ್ತು. ತುಂಬ ಹೊತ್ತು ಕೂತು ಮಾತಾಡಿದರು. ನಾನು ಎದ್ದು ಒಳಗೆ ಹೋಗಲಿಲ್ಲ. ಗಿಡ ನೋಡುತ್ತೀರಾ ಎಂದು ಕೇಳಿದೆ. ಟೆರೇಸಿನ ಮೆಟ್ಟಿಲ ಕಡೆ ಒಮ್ಮೆ ನೋಡಿ, ಇನ್ನೊಂದ್ಸಲ ಎಂದರು.

ಅಂದಿನಿಂದ ವಾರಕ್ಕೆ ಒಬ್ಬರಿಗಾದರೂ ಆಗಲ್ಲ ಎನ್ನುತ್ತೇನೆ. ಈಗಲೂ ನಾಲಿಗೆ ಸ್ವಲ್ಪ ಅಂಟುತ್ತದೆ. ಆದರೂ ಹೇಳುತ್ತೇನೆ. ಎಲ್ಲರೂ ತೂತಿಗೆ ಒಪ್ಪುವುದಿಲ್ಲ. ಒಪ್ಪಿದವರು ತೂತಿನ ಕುಕ್ಕರಿನ ಜೊತೆ ನಮ್ಮ ಟೆರೇಸಿನ ಗಿಡವನ್ನೂ ತೆಗೆದುಕೊಂಡು ಹೋಗುತ್ತಾರೆ.

ಪುಟ್ಟಿ, ರಿಪೇರಿ ಇಂಗ್ಲಿಷಿನದೇ ಇರಬಹುದು. ಇಂಗ್ಲಿಷಿನವರು ಅದಕ್ಕೆ ಏನು ಅರ್ಥ ಬರೆದಿದ್ದಾರೋ ನಿನ್ನ ಪುಸ್ತಕದಲ್ಲಿ ನೋಡಿ ನನಗೆ ಹೇಳು. ಕೆಟ್ಟದ್ದನ್ನು ಮತ್ತೆ ಸರಿ ಮಾಡುವುದು ಎಂದಷ್ಟೇ ಇದ್ದರೆ, ನಮ್ಮ ಅಂಗಡಿಯಲ್ಲಿ ಅದಕ್ಕೆ ಇನ್ನೂ ಸ್ವಲ್ಪ ಸೇರಿದೆ. ನಂಬಿ ಕೊಟ್ಟವರ ಮನೆಗೆ, ಅದು ಸರಿಯಾಗದು ಎಂದು ಹೇಳಲು, ಚೀಲ ಹಿಡಿದು ಹೋಗುವುದೂ ಸೇರಿದೆ. ನಿಮ್ಮ ತಾತನಿಗೆ ಅಷ್ಟು ದೂರ ಹೋಗಬೇಕಾಗಿ ಬರಲಿಲ್ಲ. ಅವರು ಅಂಗಡಿಯಲ್ಲೇ ಹೇಳಿಬಿಡುತ್ತಿದ್ದರು.

ಈ ಹಾಳೆಗಳಿಗೆ ಆ ಚೀಟಿಯ ಎರಡೂ ತುಂಡನ್ನು ಪಿನ್ನು ಹಾಕಿ ಸೇರಿಸಿದ್ದೇನೆ. ಒಂದರ ಹಿಂದೆ ಯಾರದೋ ಮದುವೆಯ ಮುಹೂರ್ತದ ಅರ್ಧ ಇದೆ. ಎಸೆಯಬೇಡಿ. ನೀವಿಬ್ಬರೂ ದೊಡ್ಡವರಾಗಿ ಬೇರೆ ಬೇರೆ ಮನೆಗಳಾದರೆ ಪುಟ್ಟಿ ಹಾಳೆಗಳನ್ನು ಇಟ್ಟುಕೊಳ್ಳಲಿ, ಗುಂಡಣ್ಣ ಗೀರು ಬಿದ್ದ ಕುಕ್ಕರ್ ಇಟ್ಟುಕೊಳ್ಳಲಿ, ಗಿಡದ ಸಮೇತ. ಹಾಳೆ ಹರಿದರೆ ಹಿಂದಿನಿಂದ ಕಾಗದ ಅಂಟಿಸಿ. ನೀರು ಬಿದ್ದು ಯಾವುದಾದರೂ ಅಕ್ಷರ ಅಳಿಸಿಹೋದರೆ ನೀವು ಊಹಿಸಿ ತುಂಬಬೇಡಿ, ಅಷ್ಟು ಜಾಗ ಖಾಲಿಯೇ ಬಿಟ್ಟು ಜೋಪಾನವಾಗಿಡಿ.